ಸುಕನ್ಯ ಮೇಡಂ ಕೊಡಿಸಿದ ಮನೆ

ಹಲಸೂರಿನ ಗುಡಿಸಲುಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತ ಶುರುಮಾಡಿದ ಸುಕನ್ಯ ಮೇಡಂ ಈಗ ಇಂದಿರಾನಗರದ ಸೇವಾಸಂಸ್ಥೆಯೊಂದರ ಮುಖ್ಯಸ್ಥೆ. ಬಡವರ ವಸತಿಗೆಂದು ಸರ್ಕಾರ ಯಾವ ಸಮಿತಿ ಮಾಡಿದರೂ ಅವರಿಗೊಂದು ಕುರ್ಚಿ ಇದ್ದೇ ಇರುತ್ತದೆ. ಕಾಫಿಗೆ ಸಕ್ಕರೆ ಎಷ್ಟು ಎಂದರೂ, "ಅದು ಪಾಲಿಸಿ ಪ್ರಶ್ನೆ ಕಣ್ರೀ, ಚರ್ಚೆ ಆಗ್ಬೇಕು" ಎನ್ನುವವರು. ಅರ್ಧ ಆಯುಷ್ಯ ಸವೆಸಿ ಗುಡಿಸಲಿನವರಿಗೆಲ್ಲ ಪಕ್ಕಾ ಮನೆ ಕೊಡಿಸಿದರು. ಮನೆ ಸಿಕ್ಕಿದ್ದು ಮಾತ್ರ ಹಲಸೂರಿನಿಂದ ದೂರ, ಕೆ.ಆರ್. ಪುರದಾಚೆ. ಕಳೆದ ವರ್ಷ ಮೇಡಂ ಅಲ್ಲಿಗೆ ಹೋದಾಗ, ಹಲಸೂರಿನಲ್ಲಿ ಹೂ ಮಾರುತ್ತಿದ್ದ ಪಟಾಲಮ್ಮಜ್ಜಿ ನಾಲ್ಕನೇ ಮಹಡಿಯಲ್ಲಿ ಸುಮ್ಮನೆ ಕೂತಿದ್ದಳು. "ಮನೆ ಚೆನ್ನಾಗೈತೆ ಕಣಮ್ಮ. ಮಂಡಿನೋವು, ಇಳಿಯೋಕಾಗಲ್ಲ. ಇಲ್ಲಿ ಕೂತ್ಕೊಂಡು ಹೂವ ಯಾರಿಗ್ ಮಾರ್ಲಿ?" ಎಂದಳು. ಈಗ ಭಾನುವಾರ ಬಂತೆಂದರೆ ಮೇಡಂ ತಾವೇ ಬಿಡಿ ಹೂ ಹೊತ್ತು ಆ ಮೆಟ್ಟಿಲು ಹತ್ತುತ್ತಾರೆ. ಅಜ್ಜಿ ಕಟ್ಟಿದ್ದಷ್ಟನ್ನೂ ತಾವೇ ಕೊಂಡು ಮುಡಿದು, ಒಬ್ಬರೇ ಇಳಿದುಬರುತ್ತಾರೆ.