ಒತ್ತದ ಗುಂಡಿ, ಹತ್ತಿದ ದೀಪ

ಕಳೆದ ತಿಂಗಳು ಇಳಕಲ್ಲಿನ ನಮ್ಮ ದೊಡ್ಡವ್ವನ ಮನೆಯಲ್ಲಿ ಒಂದು ದೀಪ ಹತ್ತಿತು. ಹತ್ತಿಸಿದವರು ಯಾರೂ ಇರಲಿಲ್ಲ.

ನಗಬೇಡಿ. ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಫಿಸಿಕ್ಸ್ ಹೇಳುವವನು. ದೆವ್ವ-ಭೂತಗಳನ್ನು ಈ ಅಂಕಣದಲ್ಲಿ ಎಷ್ಟು ಸಲ ಗೇಲಿ ಮಾಡಿದ್ದೇನೆ ಎಂಬುದು ನಿಮಗೆ ಗೊತ್ತೇ ಇದೆ. ಸಾಲದ್ದಕ್ಕೆ ಆ ದೀಪವನ್ನು ಮಾಡಿಕೊಟ್ಟವನೂ ನಾನೇ.

ಬೇಸಿಗೆ ರಜೆಯಲ್ಲಿ ಒಂದು ಮೈಕ್ರೋಕಂಟ್ರೋಲರ್ ಬೋರ್ಡನ್ನು ಕೊರಿಯರ್‌ನಲ್ಲಿ ತರಿಸಿದ್ದೆ. ಅಂಗೈಯಲ್ಲಿ ಹಿಡಿಸುವ ನೀಲಿ ಹಲಗೆ, ಅದರ ಮೇಲೆ ಬಹಳ ಕಾಲಿನ ಕರಿ ಹುಳದಂಥ ಚಿಪ್. ಓಪನ್ ಸೋರ್ಸ್ ಅಂತೆ. ಅಂದರೆ ಇದರಲ್ಲಿ ಗುಟ್ಟು ಅನ್ನುವುದೇ ಇಲ್ಲ. ನಕ್ಷೆ, ಪ್ರೋಗ್ರಾಂ ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಇಟ್ಟುಬಿಟ್ಟಿದ್ದಾರೆ. ಯಾರು ಬೇಕಾದರೂ ನೋಡಿ ಮಾಡಿಕೊಳ್ಳಬಹುದು.

ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿದೆ. ನಾನಿನ್ನೂ ಒಂದಕ್ಷರ ಬರೆದಿರಲಿಲ್ಲ. ಅಷ್ಟರಲ್ಲೇ ಬೋರ್ಡಿನ ಮೇಲಿನ ಪುಟ್ಟ ದೀಪ ಕಣ್ಣು ಮಿಟುಕಿಸತೊಡಗಿತು. (ಹಾಗೆ ಮಿಟುಕಿಸುವ ಪ್ರೋಗ್ರಾಂ ತುಂಬಿಸಿಯೇ ಕಳಿಸುತ್ತಾರೆ ಎಂದು ಆಮೇಲೆ ಓದಿದೆ.) ಒಂದು ಅಂಕಿ ಬದಲಿಸಿದೆ, ದೀಪ ನಿಧಾನವಾಯಿತು. ಇನ್ನೊಂದು ಬದಲಿಸಿದೆ, ಚುರುಕಾಯಿತು. ನಮ್ಮ ಮನೆಯಲ್ಲಿ ನನ್ನ ಮಾತು ಕೇಳುವ ವಸ್ತು ಅದೊಂದೇ ಎಂದು ಹಿಗ್ಗಿದೆ.

"ದೀಪ ಹತ್ತಿ ಆರಿದ್ದಕ್ಕ ಇಷ್ಟ ಖುಷಿ ಏನ್ರಿ? ಆ ಕೆಲಸಾ ನಮ್ಮ ಕರೆಂಟಿನವ್ರು ದಿನಾ ಮಾಡ್ತಾರಲ್ರಿ," ಅಂದಳು ಹೆಂಡತಿ.

ಈ ಸಾಹಸ ಇಳಕಲ್ಲಿನ ಈರಣ್ಣನ ಕಿವಿಗೆ ಬಿತ್ತು. ಈರಣ್ಣ ನಮ್ಮ ದೊಡ್ಡಪ್ಪನ ಮಗ. ಪಡಸಾಲೆಯ ತುಂಬ ಪವರ್‌ಲೂಮ್ ಹಾಕಿಕೊಂಡಿದ್ದಾನೆ. ಅವು ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಹಿಂದಿನ ಕೋಣೆಯಲ್ಲಿ ದೊಡ್ಡವ್ವ ಸೊಂಟ ಮುರಿದುಕೊಂಡು ಮಲಗಿದ್ದಾಳೆ. ಪಕ್ಕದ ಮಂಚದಲ್ಲಿ ದೊಡ್ಡಪ್ಪ ಇದ್ದ. ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ, ಮಗ್ಗಗಳು ಓಡುತ್ತಿದ್ದಾಗಲೇ ತೀರಿಕೊಂಡ. ಊಟಕ್ಕೆಂದು ಈರಣ್ಣ ಒಳಗೆ ಹೋದಾಗ ದೊಡ್ಡಪ್ಪನ ಮುಖ ಬಾಗಿಲ ಕಡೆಗಿತ್ತು, ಬಾಯಿ ತೆರೆದಿತ್ತು.

"ಅಪ್ಪ ಕೂಗ್ಯಾನಣ್ಣಾ. ನಾ ಕೇಳಲಿಲ್ಲ," ಎಂದು ಈರಣ್ಣ ಅಂದಿನಿಂದ ಒಂದೇ ಸಮನೆ ಕೊರಗುತ್ತಿದ್ದ. ಈಗ ಅವ್ವನಿಗೂ ಹಾಗಾಗಬಾರದು. ಗಂಟೆ ಕಟ್ಟಿದರೆ ಆ ಗದ್ದಲದಲ್ಲಿ ಕೇಳಿಸದು. ಕಣ್ಣಿಗೆ ಕಾಣುವಂಥದ್ದೇನಾದರೂ ಮಾಡಿಕೊಡು ಎಂದ.

ಮಾಡಿಕೊಟ್ಟೆ. ದೊಡ್ಡವ್ವನ ದಿಂಬಿನ ಹತ್ತಿರ ಒಂದು ಗುಂಡಿ. ಅಲ್ಲಿಂದ ಗೋಡೆಗುಂಟ ಉದ್ದಕ್ಕೆ ವೈರು. ಮಗ್ಗದ ಎದುರಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೋರ್ಡು, ಅದರ ಮೇಲೆ ಕೆಂಪು ದೀಪ. ಗುಂಡಿ ಒತ್ತಿದರೆ ದೀಪ. ಕರೆಂಟು ಹೋದರೆ? ಮಗ್ಗವೂ ನಿಲ್ಲುತ್ತದೆ, ಆಗ ಕೂಗಿದರೇ ಸಾಕು! ನನ್ನ ಬೆನ್ನು ನಾನೇ ತಟ್ಟಿಕೊಂಡು ಬಸ್ಸು ಹತ್ತಿದೆ.

ಎರಡು ದಿನಕ್ಕೆ ಈರಣ್ಣನ ಫೋನು.

"ಅಣ್ಣಾ, ದೀಪ ತಾನ ಹತ್ತಾಕತ್ತೈತಿ. ಓಡಿ ಹೋದ್ರ ಅವ್ವ ನಿದ್ದಿ ಮಾಡಾಕತ್ತಾಳ."

"ನಿದ್ದಿಗಣ್ಣಾಗ ಕೈ ತಾಗಿರಬೇಕಲೇ."

"ಗುಂಡಿ ಕಿಟಕ್ಯಾಗ ಎತ್ತಿಟ್ಟಿದ್ವಿ."

ಅವನ ಹೆಂಡತಿ ಶಾಂತವ್ವ ಫೋನು ಕಸಿದುಕೊಂಡಳು. "ಭಾವಾರ, ನಾ ಚಾ ತಗೊಂಡು ಕ್ವಾಣಿ ಕಡೆ ಹೊಂಟ್ರ ಸಾಕ್ರಿ, ನಾ ಮುಟ್ಟೂದ್ರೊಳಗ ದೀಪ ಹತ್ತತೈತಿ. ನಾ ಬರೂದು ಯಾರಿಗೋ ಗೊತ್ತಾದಂಗ. ಓಣ್ಯಾಗ ಎಲ್ಲಾರೂ ಮಾವಾರ ಹೆಸರ ಹೇಳಾಕತ್ತಾರ್ರಿ."

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿರಬೇಕು ಎಂದುಕೊಂಡೆ. ಭಾನುವಾರ ಹುನಗುಂದದ ಮೇಲೆ ಹಾಯ್ದು ಇಳಕಲ್ಲಿಗೆ ಹೋದೆ.

ಹೋದಾಗ ಮಗ್ಗಗಳು ಓಡುತ್ತಿದ್ದವು. ದೀಪ ಆರಿತ್ತು. ಈರಣ್ಣ ಸೊರಗಿದ್ದ, ಕಣ್ಣು ನೂಲಿನ ಮೇಲಿರಲಿಲ್ಲ, ಡಬ್ಬಿಯ ಮೇಲಿತ್ತು. ನಾನು ವೈರಿನ ಗುಂಟ ಒಳಗೆ ನಡೆದೆ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಡಬ್ಬಿಯಲ್ಲಿ ಕೆಂಪಗೆ ಮಿಣಿಮಿಣಿ. ಚೆನ್ನಾಗಿ ಉರಿಯುವ ಬೆಳಕಲ್ಲ, ಉಸಿರಿಗೆ ಒದ್ದಾಡುವಂಥ ಬೆಳಕು. ಕೋಣೆಯೊಳಗೆ ಇಣುಕಿದೆ. ದೊಡ್ಡವ್ವನ ಎರಡೂ ಕೈ ಕೌದಿಯ ಮೇಲಿದ್ದವು. ಗುಂಡಿ ದೂರದ ಕಿಟಕಿಯಲ್ಲಿತ್ತು. ಪಕ್ಕದ ಮಂಚ ಖಾಲಿ.

ಖರೆ ಹೇಳುತ್ತೇನೆ, ಮೈಮೇಲಿನ ಕೂದಲು ನಿಮಿರಿ ನಿಂತವು. ಆ ಹೊತ್ತಿಗೆ ನನ್ನ ಎಂಎಸ್ಸಿ ಎಲ್ಲಿ ಹೋಗಿತ್ತೋ!

ಹಿಂದಕ್ಕೆ ಸರಿದೆ, ದೀಪ ಆರಿತು. ಈರಣ್ಣ ಅಷ್ಟರಲ್ಲಿ ಮಗ್ಗಗಳನ್ನೆಲ್ಲ ನಿಲ್ಲಿಸಿ ನನ್ನನ್ನು ದಾಟಿ ಒಳಗೆ ಓಡಿದ್ದ. ಅವ್ವನ ಕೈ ಹಿಡಿದು ಕೂತವನು, ಖಾಲಿ ಮಂಚದ ಕಡೆಗೆ ನೋಡುತ್ತಿದ್ದ.

"ದಿನಾ ಹಿಂಗ ಏನಲೇ?"

"ಆವತ್ತ ಕೇಳಲಿಲ್ಲ. ಇವತ್ತ ಕಂಡ ಮ್ಯಾಲೂ ಸುಮ್ನ ಕುಂದ್ರಲೇನಣ್ಣಾ?"

ಧೈರ್ಯ ಮಾಡಿ ವೈರನ್ನು ಮುಟ್ಟಿದೆ. ದೀಪ ಹತ್ತಿತು. ಬಿಟ್ಟೆ, ಆರಿತು. ಆಗ ಹೊಳೆಯಿತು. ಇಂಟರ್‌ನೆಟ್ಟಿನ ನಕ್ಷೆಯಲ್ಲಿ ಗುಂಡಿಯ ಜೊತೆಗೆ ಒಂದು ರೆಸಿಸ್ಟರ್ ಹಾಕಲು ಹೇಳಿದ್ದರು. ಮನೆಯಲ್ಲಿ ಗೇಣುದ್ದದ ವೈರಿನಲ್ಲಿ ಅದಿಲ್ಲದೆಯೂ ನಡೆಯಿತೆಂದು ನಾನು ಬಿಟ್ಟಿದ್ದೆ. (ರುಚಿಗೆ ತಕ್ಕಷ್ಟು ಉಪ್ಪು ಎಂದು ಬರೆದಿದ್ದರೆ ಯಾರಾದರೂ ಉಪ್ಪನ್ನೇ ಬಿಡುತ್ತಾರೆಯೇ?) ಗುಂಡಿ ಒತ್ತದೆ ಇದ್ದಾಗ ಆ ವೈರಿನ ತುದಿ ಎಲ್ಲಿಗೂ ಸೇರಿರುವುದಿಲ್ಲ. ಹಾಗೆ ಅಂತರದಲ್ಲಿ ತೂಗುವ ತುದಿ ಸುಮ್ಮನಿರದು; ಮಗ್ಗದ ಮೋಟರಿನ ಕರೆಂಟು, ಹತ್ತಿರ ಸುಳಿದ ಮನುಷ್ಯರ ಮೈ, ಎಲ್ಲಕ್ಕೂ ಓಗೊಡುತ್ತದೆ. ಒತ್ತುವತನಕ ಸುಮ್ಮನಿರು ಎಂದು ಅದನ್ನು ಹಿಡಿದು ಕೂರಿಸುವುದೇ ಆ ರೆಸಿಸ್ಟರಿನ ಕೆಲಸ.

ರೇಡಿಯೋ ರಿಪೇರಿ ಅಂಗಡಿಯಿಂದ ಒಂದನ್ನು ತಂದು ಬೆಸೆದೆ. ಮಗ್ಗ ಹಚ್ಚಿದೆವು. ನಡೆದೆ, ವೈರು ಮುಟ್ಟಿದೆ, ಎಳೆದೆ. ದೀಪ ಜಪ್ಪಯ್ಯ ಅನ್ನಲಿಲ್ಲ. ಗುಂಡಿ ಒತ್ತಿದೆ, ಲಕ್ಕನೆ ಹತ್ತಿತು. ಶಾಂತವ್ವ ದೇವರಿಗೆ ಕೈಮುಗಿದಳು.

"ಹಂಗಾರ ಅಪ್ಪ ಅಲ್ಲ?" ಅಂದ ಈರಣ್ಣ.

"ಅಲ್ಲೋ."

ಅವನ ಮುಖದಲ್ಲಿದ್ದದ್ದು ಸಮಾಧಾನ ಅಂತ ನನಗಂತೂ ಅನ್ನಿಸಲಿಲ್ಲ.

ಕತೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಮೊನ್ನೆ ಮತ್ತೆ ಫೋನು. "ಅಣ್ಣಾ, ದೀಪ ಒಮ್ಮೇನೂ ಹತ್ತಿಲ್ಲ. ಕೆಟ್ಟೈತೇನ ನೋಡು ಬಾ."

ಹೋಗಿ ನೋಡಿದರೆ ಎಲ್ಲ ನೆಟ್ಟಗಿತ್ತು. ಗುಂಡಿ ದಿಂಬಿನ ಪಕ್ಕದಲ್ಲೇ ಇತ್ತು. ಹೊರಗೆ ಮಗ್ಗಗಳ ಖಟಾಖಟ್. ದೊಡ್ಡವ್ವನ ಕಿವಿಯ ಹತ್ತಿರ ಬಾಗಿ, "ಯಾಕ ಒತ್ತಂಗಿಲ್ಲಬೇ?" ಅಂದೆ.

"ಮದ್ಲ ಈರಣ್ಣ ಒತ್ತದನ ಬರ್ತಿದ್ದ ತಮ್ಮಾ. ಬಂದು ಕೈ ಹಿಡಕೊಂಡು ಕುಂದ್ರತಿದ್ದ. ಈಗ ಒತ್ತಿದ್ರ ಬರ್ತಾನ, ನನಗೂ ಗೊತ್ತೈತಿ. ಒತ್ತಿ ಕರಸ್ಕೊಳ್ಳಾಕ ಇದೇನ ದವಾಖಾನಿ ಏನು?"

"ಹಂಗಂದ್ರ ಹೆಂಗ? ದೊಡ್ಡಪ್ಪ ಅಷ್ಟ ಕೂಗಿದ್ರೂ ಕೇಳಲಿಲ್ಲಂತ ಈರಣ್ಣ..."

"ಎಲ್ಲಿ ಕೂಗಿದ್ರು?"

ದೊಡ್ಡವ್ವ ಖಾಲಿ ಮಂಚದ ಕಡೆ ಮುಖ ಹೊರಳಿಸಿದಳು.

"ನಾನರ ಕೂಗಲೇನು ಅಂದೆ. ಬ್ಯಾಡ ಅಂದ್ರು. ಸೀರಿ ಮಗ್ಗದ ಮ್ಯಾಲ ಐತಿ, ಮುಗದ ಮ್ಯಾಲ ತಾನ ಬರ್ತಾನ ಅಂದ್ರು. ಬಾಗಲಾ ನೋಡಕೋತ ಇದ್ರು. ನೋಡಕೋತನ ಹ್ವಾದ್ರು."

"ಇದನ್ನ ಯಾರಿಗೂ ಹೇಳಲಿಲ್ಲ?"

"ಯಾರ ಕೇಳ್ಯಾರ ನನ್ನ?"

ಆ ಕೋಣೆಯಲ್ಲಿ ನನಗೆ ಕೂರಲಾಗಲಿಲ್ಲ. ದೀಪ ತಾನೇ ಹತ್ತಿದ ದಿನ ಹೆದರಿದ್ದಕ್ಕಿಂತ ಹೆಚ್ಚು ಹೆದರಿದೆ. ಅದಕ್ಕಾದರೆ ರೆಸಿಸ್ಟರ್ ಇತ್ತು, ಇದಕ್ಕೇನು ಬೆಸೆಯುವುದು?

ಹೇಳಲೋ ಬೇಡವೋ ಎಂದು ಬಾಗಿಲಲ್ಲೇ ನಿಂತೆ. ಕೂಗನ್ನು ಮಗ್ಗ ನುಂಗಿತು ಎಂಬ ನೆಪವಾದರೂ ಈರಣ್ಣನಿಗಿತ್ತು; ಅದನ್ನೂ ಕಸಿದುಕೊಳ್ಳುವುದೇ? ಆದರೆ ಒಳಗೆ ಮತ್ತೊಬ್ಬರು ಬಾಗಿಲು ನೋಡುತ್ತ ಮಲಗಿದ್ದರು. ಹೊರಗೆ ಹೋಗಿ ಈರಣ್ಣನ ಕಿವಿಗೆ ಬಾಯಿ ಹಚ್ಚಿ ಹೇಳಿಬಿಟ್ಟೆ.

ಈರಣ್ಣ ಒಂದೊಂದಾಗಿ ಮಗ್ಗಗಳನ್ನು ನಿಲ್ಲಿಸಿದ. ಇಡೀ ಮನೆ ಮೌನವಾಯಿತು. ಕೋಣೆಯ ಕಡೆ ಎರಡು ಹೆಜ್ಜೆ ಹಾಕಿದವನು ನನ್ನತ್ತ ತಿರುಗಿ ಕೇಳಿದ:

"ಕೂಗದ ಇದ್ದದ್ದನ್ನ ನಾ ಹೆಂಗ ಕೇಳಬೇಕಿತ್ತಣ್ಣಾ?"