ಗಾಳಿಗೆ ಕೀಲಿ ಹಾಕುತ್ತಿದ್ದ ಖಾಜಾಸಾಬ್

ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್ಟಿನಲ್ಲಿ ಮಾತಾಡುವಾಗ ಖಾಜಾಸಾಬ್ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಎದುರಿಗೆ ನಿಂತವರು ತುಟಿಯನ್ನೂ ಓದಬಾರದು ಎಂಬ ಹಟ. ಭೀಮೆಗೆ ಮಹಾಪೂರ ಬಂದ ವರ್ಷ ಗಾಣಗಾಪುರದ ದಂಡೆಯಲ್ಲಿ ನಿಂತು ಸೆಟ್ಟಿನಲ್ಲಿ ದೋಣಿಗೆ ದಾರಿ ಹೇಳುವುದು ಅವರ ಡ್ಯೂಟಿ. ನನ್ನದು ಅಫಜಲಪುರದಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನಾದರೂ ನನ್ನ ಬ್ಯಾಟರಿ ಒಮ್ಮೆಯೂ ಕೈಕೊಟ್ಟಿದ್ದಿಲ್ಲ. ಮುಂಜಾನೆ ಬ್ಯಾಟರಿಗಳ ಜೊತೆ ತಾಲೂಕು ಕಚೇರಿಯ ಮಡಚಿದ ಚೀಟಿಯನ್ನೂ ನಾನೇ ಒಯ್ಯುತ್ತಿದ್ದೆ. ಅದರಲ್ಲಿ ಒಂದೇ ಶಬ್ದ, ಆ ದಿನದ ಕೋಡ್.

"ಚಾನೆಲ್ ಅಂದ್ರ ಹಾದಿ, ಯಾರು ಬೇಕಾದ್ರೂ ಬರ್ತಾರ. ಕೋಡ್ ಅಂದ್ರ ಕೀಲಿ. ಅದನ್ನ ಹೇಳಿದಾವನ ಮಾತಷ್ಟ ನಂಬಬೇಕು. ತಿಳೀತೇನಲೇ?" ಎನ್ನುತ್ತ ಖಾಜಾಸಾಬ್ ಚೀಟಿಯನ್ನು ಎಲೆ-ಅಡಿಕೆಯ ಜೊತೆ ಅಗಿದು ನುಂಗಿಬಿಡುತ್ತಿದ್ದರು.

ಒಂದು ದಿನ ಹೋಟೆಲಿನಲ್ಲಿ ಧಣಿಯೊಬ್ಬರ ಆಳು, "ಬ್ಯಾಟರಿ ಹೊರಾವಗ ವೈರ್‌ಲೆಸ್ ಏನ್ ತಿಳೀತದಲೇ?" ಎಂದು ನಕ್ಕ. ನನಗೆ ತಡೆಯಲಾಗಲಿಲ್ಲ. "ಇವತ್ತಿನ ಕೋಡ್ ಹುಣಸಿಗಿಡ. ನಿನ್ನ ಧಣಿಗರೆ ಗೊತ್ತದೇನು?" ಎಂದುಬಿಟ್ಟೆ.

ಮಧ್ಯಾಹ್ನ ತೋಟದ ಮನೆಯ ಮಾಳಿಗೆಯ ಮೇಲೆ ಎಂಟು ಮಂದಿ ಸಿಕ್ಕಿಬಿದ್ದಿದ್ದರು. ಇದ್ದ ಒಂದೇ ದೋಣಿಯನ್ನು ಅಂಬಿಗ ಭೀಮಶಾ ಅತ್ತ ನಡೆಸುತ್ತಿದ್ದ; ಅವನ ಬಳಿಯೂ ಒಂದು ಸೆಟ್ ಇತ್ತು. ದಂಡೆಯಲ್ಲಿ ನಾನು ಖಾಜಾಸಾಬರ ಪಕ್ಕದಲ್ಲೇ ಇದ್ದೆ. ಸೆಟ್ಟಿನಲ್ಲಿ ದನಿ ಬಂತು: "ಕಚೇರಿಯಿಂದ. ಕೋಡ್ ಹುಣಸಿಗಿಡ. ದೋಣಿ ಮೊದಲು ಧಣಿಯರ ವಾಡೇಕ್ಕ ಹೋಗ್ಲಿ."

ಪೂರದ ಸುದ್ದಿಗೆಂದು ಧಣಿಯ ದೊಡ್ಡ ಮನೆಯಾದ ಆ ವಾಡೆಯಲ್ಲೂ ಒಂದು ಸೆಟ್ ಇಟ್ಟಿದ್ದರು. ದನಿ ಹೋಟೆಲಿನ ಆ ಆಳಿನದೇ. ದೋಣಿ ವಾಡೆಯತ್ತ ತಿರುಗಿತು. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಸಾಬ್ರ, ಅದು ಕಚೇರಿ ಅಲ್ರಿ. ಕೀಲಿ ನಾನೇ ಹೊರಗ ಹಾಕೀನ್ರಿ."

ಅವರು ನನ್ನನ್ನು ಒಮ್ಮೆ ನೋಡಿದರು. ಬೈಯಲಿಲ್ಲ. ಆದರೆ ಆ ಕೋಡಿನಿಂದ ಭೀಮಶಾನನ್ನು ಇನ್ನು ನಂಬಿಸುವುದು ಹೇಗೆ? ಸೆಟ್ ಎತ್ತಿದರು: "ಭೀಮಶಾ, ಹುಣಸಿಗಿಡ ಬಿಡು. ನಿನ್ನೆ ದೋಣ್ಯಾಗ ನನ್ನ ಎಡಗಾಲಿನ ಚಪ್ಪಲಿ ಹೊಳಿಗೆ ಬಿತ್ತು. ನೋಡಿದಾವ ನೀ ಒಬ್ಬನೇ. ತೋಟದ ಕಡೆ ತಿರುಗು."

ಬರೀ ಗೊರಗೊರ. ಆಮೇಲೆ, "ಹೌದ್ರಿ ಸಾಬ್ರ, ತಿರುಗಸಾಕತ್ತೇನ್ರಿ."

ದೋಣಿ ಮುಟ್ಟಿದಾಗ ಮಾಳಿಗೆಯ ಮೇಲೆ ಮೊಣಕಾಲಮಟ್ಟ ನೀರಿತ್ತಂತೆ. ಎಂಟೂ ಮಂದಿ ಬದುಕಿ ಬಂದರು.

ತಿಂಗಳಲ್ಲಿ ಖಾಜಾಸಾಬರನ್ನು ಸೆಟ್ಟಿನ ಕೆಲಸದಿಂದ ತೆಗೆದು ಆಳಂದಕ್ಕೆ ಹಾಕಿದರು. ಅವರ ವರದಿಯನ್ನು ಕಚೇರಿಯ ಗುಮಾಸ್ತ ನನಗೆ ಓದಿ ಹೇಳಿದ್ದು ಆಮೇಲೆ: ಕೋಡ್ ಹೊರಬಿದ್ದದ್ದು ತಮ್ಮ ತಪ್ಪಿನಿಂದ ಎಂದು ಬರೆದುಕೊಟ್ಟಿದ್ದರು.

ಕಡೆಯ ಸಲ ಅವರನ್ನು ನೋಡಿದ್ದು ಆಳಂದದಲ್ಲಿ. ದಫ್ತರಗಳ ನಡುವೆ ಕೂತಿದ್ದರು. "ನನ್ನ ಹೆಸರು ಯಾಕ ಬರೀಲಿಲ್ರಿ?" ಎಂದೆ.

"ನಿನ್ನ ಹೆಸರು ಬರೆದಿದ್ರ ಮರುದಿನ ಬ್ಯಾಟರಿ ಯಾರು ತರ್ತಿದ್ರು? ಹೊಳಿ ಇನ್ನೂ ಇಳಿದಿದ್ದಿಲ್ಲ."