ಸಲೀಂನ ಅಳತೆ, ನನ್ನ ಕೋವಿ

ತೆಂಗಿನಕಾಯಿಗೆ ತೊಂಬತ್ತೊಂಬತ್ತು ಸೆಂಟ್. ಅದಕ್ಕೆ ಗುಂಡು ಹೊಡೆಯುವುದಕ್ಕೆ ಸಾವಿರದ ಚಿಲ್ಲರೆ ಡಾಲರ್.

ಲೆಕ್ಕ ಸರಿಯಿಲ್ಲ ಅನ್ನುತ್ತೀರಿ. ನನಗೂ ಗೊತ್ತು. ಬಾಗಿಲು ಮುಚ್ಚಿದ ಡಾಟ್‌ಕಾಮ್ ಕಂಪನಿಗಳ ಕುರ್ಚಿ ಮೇಜುಗಳನ್ನು ಸಗಟಾಗಿ ಕೊಂಡು ಶಿಕಾಗೊ ಹತ್ತಿರದ ಲೊಂಬಾರ್ಡ್‌ನ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಮಾರುವವನು ನಾನು. ಬೆಲೆ ಕೇಳದೆ ನೀರೂ ಕುಡಿಯುವವನಲ್ಲ. ಅಂಥವನು ಹೊಸ ರೈಫಲ್ಲಿಗೆ ಇಷ್ಟು ದುಡ್ಡು ಸುರಿದೆ. ಯಾಕೆ?

ಮಾವನವರಿಗಾಗಿ.

ನನ್ನ ಹೆಂಡತಿ ದೇಚಮ್ಮ ಕೊಡಗಿನವಳು. ನಾನು ಮಂಡ್ಯದ ಕಡೆಯವನು. ಕೊಡವರ ಮದುವೆಯಲ್ಲಿ ಗಂಡಿನ ಕಡೆಯವರು ಕತ್ತಿ ಬೀಸಿ ಬಾಳೆದಿಂಡು ಕಡಿದು ತೋರಿಸಬೇಕು. ನಮ್ಮದು ರಿಜಿಸ್ಟ್ರಾರ್ ಆಫೀಸಿನ ಮದುವೆ. ನಾನು ಒಂದು ಸಹಿ ಹಾಕಿದೆ, ಅಷ್ಟೆ. ಅಂದಿನಿಂದ ಮಾವ ನನ್ನನ್ನು ಕರೆಯುವುದು ‘ಮಿಸ್ಟರ್’ ಎಂದೇ. ಅಳಿಯ ಎಂಬ ಪದ ಅವರ ಬಾಯಿಂದ ಬಂದದ್ದೇ ಇಲ್ಲ.

ಈ ಬೇಸಿಗೆಯಲ್ಲಿ ಅವರು ಪ್ಲೇನ್‌ಫೀಲ್ಡ್‌ನ ನಮ್ಮ ಮನೆಗೆ ಬಂದರು. ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ. ಕೊಡವರು ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ. ಶಿಕಾಗೊ, ಡೆಟ್ರಾಯಿಟ್ ಕಡೆಯ ಕೆಲವು ಮನೆಯವರು ಮಿಶಿಗನ್‌ನ ಒಂದು ಹೊಲದಲ್ಲಿ ಸೇರಿ ಆಚರಿಸುತ್ತೇವೆ. ಮಾವನ ಕಣ್ಣೆದುರು ನಾನೊಂದು ಕಾಯಿ ಉರುಳಿಸಿದರೆ, ಅಂದು ಕಡಿಯದ ಬಾಳೆ ಇಂದು ಕಡಿದಂತಾಗದೇ?

ಮಾವನವರು ಸೈನ್ಯದಲ್ಲಿದ್ದವರಲ್ಲ, ಅಂಚೆ ಕಚೇರಿಯಲ್ಲಿದ್ದವರು. ಆದರೆ ಕೋವಿಯ ಮಾತು ಬಂದರೆ ಜನರಲ್! (ಊರಿನಲ್ಲಿ ಕೊಡವರೆಂಬ ಕಾರಣಕ್ಕೆ ಕೋವಿಗೆ ಲೈಸೆನ್ಸೇ ಬೇಡದ ಮನುಷ್ಯ. ಇಲ್ಲಿ ವಿಸಿಟರ್ ವೀಸಾ, ಕೋವಿ ಮುಟ್ಟುವಂತಿಲ್ಲ. ನೋಡಬಹುದು.)

ಅಂಗಡಿಯ ಕಾಡತೂಸು ದುಬಾರಿ. ಅದೂ ರೆಡಿಮೇಡ್ ಷರಟಿನ ಹಾಗೆ, ಎಲ್ಲರಿಗೂ ಆಗಲಿ ಎಂದು ಮಾಡಿದ್ದು. ಹಾಗಾಗಿ ನಾನೇ ತುಂಬುತ್ತೇನೆ. ಹಿತ್ತಾಳೆಯ ಕೇಸು, ಅದರೊಳಗೆ ಮದ್ದು, ಬಾಯಿಗೆ ಗುಂಡು. ಬೇಸ್‌ಮೆಂಟಿನ ಪುಟ್ಟ ಕಿಟಕಿಯಲ್ಲಿ ಹುಲ್ಲಿನ ಬುಡ ಮಾತ್ರ ಕಾಣುತ್ತದೆ. ಭಾನುವಾರದ ಬಿಸಿಲು ಅದರೊಳಗಿಂದ ಇಳಿದು ಕೇಸುಗಳ ಮೇಲೆ ಕೂರುತ್ತದೆ. ಸಾಲಾಗಿ ನಿಂತ ಅವನ್ನು ನೋಡುತ್ತಾ ಕೂತರೆ ಯಾರದೋ ಮದುವೆ ಮನೆಯ ದೀಪಗಳಂತೆ ಕಾಣುತ್ತವೆ. ನಮ್ಮ ಮದುವೆಯದೇ ಇರಬಹುದು.

ಇದರಲ್ಲಿ ಕಷ್ಟದ ಪ್ರಶ್ನೆ ಒಂದೇ. ಗುಂಡನ್ನು ಎಷ್ಟು ಒಳಗೆ ಕೂರಿಸಬೇಕು? ಅಂದರೆ ಕಾಡತೂಸಿನ ಒಟ್ಟು ಉದ್ದ ಎಷ್ಟಿರಬೇಕು? ನಳಿಗೆಯ ಒಳಗೆ ಸುರುಳಿ ಗೀರುಗಳಿವೆ. ಗುಂಡು ಹಿಡಿತಕ್ಕೆ ಸಿಗುವುದು ಅಲ್ಲಿ. ಅಲ್ಲಿಯವರೆಗಿನ ದಾರಿಯೇ ಕೋವಿಯ ಗಂಟಲು. ಕಾಡತೂಸು ಗಿಡ್ಡವಾದರೆ ಗುಂಡು ದೂರ ಜಿಗಿಯಬೇಕು, ಗುರಿ ಚದುರಬಹುದು. ಉದ್ದವಾದರೆ ಹೊಡೆಯುವ ಮೊದಲೇ ಗೀರಿಗೆ ಸಿಕ್ಕಿಬೀಳುತ್ತದೆ. ಗಂಟಲು ಅಳೆಯಲು ಗೇಜ್ ಸಿಗುತ್ತದೆ.

ದುಡ್ಡು ಕೊಟ್ಟರೆ! ನಾನು ಸಲೀಂಗೆ ಫೋನ್ ಮಾಡಿದೆ.

ಸಲೀಂ ಚನ್ನಪಟ್ಟಣದವನು. ಡೆಟ್ರಾಯಿಟ್ ಪಕ್ಕದಲ್ಲಿ ಕಾರ್ ಗ್ಯಾರೇಜ್ ಇಟ್ಟಿದ್ದಾನೆ. ನಾವು ಹಬ್ಬಕ್ಕೆ ಸೇರುವ ಹೊಲ ಅವನ ಪರಿಚಯದವರದು. ಅವನ ರೈಫಲ್ಲೂ ನನ್ನದೇ ಮಾಡೆಲ್, ಗುಂಡೂ ಅದೇ. “ಎರಡು ಪಾಯಿಂಟ್ ಎಂಟು ಮೂರು ಐದು ಇಂಚು ಅಣ್ಣ. ಬೆಣ್ಣೆ ಥರ ಹೊಡಿತದೆ” ಅಂದ. ನಾನು ಐವತ್ತು ತುಂಬಿಟ್ಟೆ.

ಹಬ್ಬಕ್ಕೆ ಮೊದಲು ಮಾವನನ್ನು ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಕರೆದೊಯ್ದೆ. ಮೊದಲ ಕಾಡತೂಸು ಹಾಕಿದೆ. ಕೋವಿಯ ಹಿಂಬದಿಯ ಚಿಲಕ, ಅಂದರೆ ಬೋಲ್ಟ್, ಮುಚ್ಚುವಾಗ ಸ್ವಲ್ಪ ಬಿಗಿ. ಹೊಸದಲ್ಲವೇ ಅಂದುಕೊಂಡೆ. ಅಷ್ಟರಲ್ಲಿ ಯಾರೋ ಟಾರ್ಗೆಟ್ ಬದಲಿಸಬೇಕೆಂದರು. ಎಲ್ಲರೂ ಕೋವಿ ಖಾಲಿ ಮಾಡಿ ಎಂದು ರೇಂಜಿನ ಆಫೀಸರ್ ಕೂಗಿದ. ಬೋಲ್ಟ್ ಎಳೆದೆ.

ಕೇಸು ಬಂತು, ಗುಂಡು ಬರಲಿಲ್ಲ. ಅದು ನಳಿಗೆಯಲ್ಲೇ ಕಚ್ಚಿಕೊಂಡಿತ್ತು. ಮದ್ದೆಲ್ಲ ಕಪ್ಪು ರವೆಯಂತೆ ಕೋವಿಯೊಳಗೆ ಚೆಲ್ಲಿತು. ಆಫೀಸರ್ ಬಂದು ನಳಿಗೆಯ ತುದಿಯಿಂದ ಸರಳು ತೂರಿಸಿ ಗುಂಡನ್ನು ತಳ್ಳಿ ಬೀಳಿಸಿದ.

ಮಾವ ನಕ್ಕರು. “ಏನು ಮಿಸ್ಟರ್, ನಿಮ್ಮ ಕೋವಿ ನುಂಗುತ್ತೆ, ಉಗುಳೋದೇ ಇಲ್ವಲ್ಲ!”

ಸಲೀಂಗೆ ಮತ್ತೆ ಫೋನ್.

“ಅರೆ ಅಣ್ಣ, ನೀನು ನಂಬರ್ ಕೇಳ್ದೆ, ನಾನು ಕೊಟ್ಟೆ. ನನ್ನ ಕೋವಿ ಎಷ್ಟು ಹಳೇದು ಅಂತ ಕೇಳಿದ್ಯಾ? ಸಾವಿರಾರು ಗುಂಡು ಹಾರಿಸಿ ಅದರ ಗಂಟಲು ಸವೆದದೆ. ನಿಂದಿನ್ನೂ ಬಾಣಂತಿಮನೆ ಬಿಟ್ಟಿಲ್ಲ. ಗೇಜ್ ತಗೋ, ಮೂವತ್ತು ಡಾಲರ್.”

“ಮೂವತ್ತಾ?”

“ಹಾಗಾದ್ರೆ ಗುಂಡಿಗೆ ಮಸಿ ಹಿಡಿಸು. ಅದು ಫ್ರೀ.”

ಅಡುಗೆಮನೆಯಲ್ಲಿ ಹರಳೆಣ್ಣೆ ದೀಪ ಹಚ್ಚಿದೆ. (ಮದ್ದಿನ ಡಬ್ಬಿ ದೂರ ಗ್ಯಾರೇಜಿನಲ್ಲಿ. ಕೇಸು ಬರೀ ಖಾಲಿ, ಮದ್ದೂ ಇಲ್ಲ, ಕಿಡಿ ಹೊತ್ತಿಸುವ ಕ್ಯಾಪೂ ಇಲ್ಲ.)

“ಅದು ಮಗೂಗೆ ಕಾಡಿಗೆ ಮಾಡೋ ದೀಪ ರೀ! ಇನ್ನು ಗುಂಡಿಗೂ ಕಣ್ಕಪ್ಪಾ?” ಅಂದಳು ದೇಚಮ್ಮ.

ಕೋವಿ ಮುಟ್ಟುವಂತಿಲ್ಲದ ಮಾವ ದೀಪದ ಉಸ್ತುವಾರಿ ವಹಿಸಿಕೊಂಡರು. ಅವರು ಬತ್ತಿ ಸರಿಮಾಡುತ್ತಿದ್ದರು, ನಾನು ಗುಂಡಿಗೆ ಹೊಗೆ ಹಿಡಿಸಿ ಕೋವಿಗೆ ಹಾಕಿ ತೆಗೆಯುತ್ತಿದ್ದೆ. ನಳಿಗೆ ಕಚ್ಚಿದಲ್ಲೆಲ್ಲ ಮಸಿಯ ಮೇಲೆ ಉಗುರು ತಾಗಿದಂಥ ಸಣ್ಣ ಗೀರುಗಳು. ಗುಂಡನ್ನು ಚೂರು ಒಳಗೆ ತಳ್ಳು, ಮತ್ತೆ ಹೊಗೆ, ಮತ್ತೆ ನೋಡು. ಗೀರುಗಳು ಮಸುಕಾಗುತ್ತಾ ಬಂದವು, ಬೆಳಗಿನ ಚುಕ್ಕಿಗಳ ಹಾಗೆ. ಆ ಮಧ್ಯಾಹ್ನ ಹೊರಗೆ ಮೋಡ ಕವಿದಿತ್ತು. ಎಣ್ಣೆಯ ವಾಸನೆಯಲ್ಲಿ ಇದು ಇಲಿನಾಯ್ ಎಂಬುದೇ ಮರೆತುಹೋಯಿತು.

ಮಾವ ದೀಪ ನೋಡುತ್ತಲೇ ಮೆಲ್ಲಗೆ ಹೇಳಿದರು. “ನಾನೂ ಎಷ್ಟೋ ವರ್ಷ ಹೊಡೆದೆ ಮಿಸ್ಟರ್. ಒಂದು ಕಾಯೀನೂ ಬಿದ್ದಿಲ್ಲ. ದೇಚೂಗೆ ಹೇಳ್ಬೇಡಿ.”

(ಹೇಳಿಲ್ಲ. ಅವಳು ಈ ಅಂಕಣ ಓದುವುದಿಲ್ಲ.)

ಹಬ್ಬದ ದಿನ ಹೊಲದ ಮೇಲೆ ಮಂಜು. ಕೋವಿಯ ತುದಿಗೆ ಇಡುವ ತೋಕ್ ಹೂ ಮಿಶಿಗನ್‌ನಲ್ಲಿ ಎಲ್ಲಿ ಸಿಗಬೇಕು? ರಸ್ತೆ ಬದಿಯ ಹಳದಿ ಹೂವನ್ನೇ ಇಟ್ಟು ಪೂಜೆ ಮಾಡಿದೆವು. ದೂರದ ಮಣ್ಣಿನ ದಿಬ್ಬದ ಮೇಲೆ ತೆಂಗಿನಕಾಯಿ ತೇಲುತ್ತಿರುವಂತಿತ್ತು. ನನ್ನ ಸರದಿ. ಹೊಸ ಅಳತೆಗೆ ತುಂಬಿದ ಕಾಡತೂಸು ಹಾಕಿದೆ. ಉಸಿರು ಬಿಟ್ಟೆ. ಮಾವ ಹಿಂದೆಯೇ ಕುರ್ಚಿಯಲ್ಲಿ.

“ನಿಲ್ಲಿ, ನಿಲ್ಲಿ! ಖಾಲಿ ಮಾಡಿ!” ಯಾರೋ ಕೂಗಿದರು.

ಜೋಳದ ಸಾಲಿನಿಂದ ಕಾಡು ಟರ್ಕಿಕೋಳಿಗಳ ಸಂಸಾರವೊಂದು ಹೊರಬಂದು ನಮಗೂ ಕಾಯಿಗೂ ನಡುವೆ ವಾಕಿಂಗ್ ಹೊರಟಿತ್ತು. ಇಷ್ಟು ಜನರ ಮುಂದೆ ಮತ್ತೆ ಅದೇ ಪಾಡೇ? ಬೋಲ್ಟ್ ಎಳೆದೆ.

ಕಾಡತೂಸು ಇಡಿಯಾಗಿ ಬಂತು. ಗುಂಡು ತನ್ನ ಜಾಗದಲ್ಲೇ ಇತ್ತು, ಒಂದು ಗೀರೂ ಇಲ್ಲದೆ.

ಮಾವ ಕುರ್ಚಿಯಿಂದ ಬಾಗಿ ನೋಡಿದರು. “ಹೊಡೆಯೋಕೆ ಯಾರಿಗಾದ್ರೂ ಬರುತ್ತೆ. ಬೇಡ ಅಂದಾಗ ವಾಪಸ್ ತೆಗೆಯೋಕೆ ಬರ್ಬೇಕು. ಈಗ ಸರಿಯಾಯ್ತು, ಅಳಿಯಂದ್ರೇ.”

ಆಮೇಲೆ ನಾನು ಹೊಡೆದ ಗುಂಡು ದಿಬ್ಬಕ್ಕೆ ಬಿತ್ತು. ಕಣ್ಣು ಮಂಜಾಗಿದ್ದರೆ ಕೋವಿಯ ಮೇಲಿನ ದುರ್ಬೀನು ಏನು ಮಾಡೀತು? ಕಾಯಿ ಉರುಳಿದ್ದು ಸಲೀಂನ ಗುಂಡಿಗೆ. ಮಾವ ಅದನ್ನು ಗಮನಿಸಲೂ ಇಲ್ಲ. ಅಳಿಯ ದೀಪದ ಮಸಿಯಲ್ಲಿ ಕೋವಿಯ ಗಂಟಲು ಅಳೆದದ್ದನ್ನು ಯಾರಿಗೋ ಬಣ್ಣಿಸುತ್ತಿದ್ದರು.

ಆದ್ದರಿಂದ ನೀವೂ ಕಾಡತೂಸು ತುಂಬುವವರಾದರೆ ಕೇಳಿ. ಗೀರು ಮಾಯವಾಗುವ ಉದ್ದ ಕಂಡುಕೊಳ್ಳಿ. ಅಲ್ಲಿಂದ ಎರಡು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಹಿಂದೆ ಸರಿದು ಶುರುಮಾಡಿ. ಕಾಡತೂಸು ಕೂರುವ ಕೋವಿಯ ಮ್ಯಾಗಜೀನಿನೊಳಗೆ ಹಿಡಿಸುತ್ತದೆಯೇ ನೋಡಿ. ಉದ್ದ ಬದಲಿಸಿದಾಗಲೆಲ್ಲ ಮದ್ದನ್ನೂ ಕಾಡತೂಸು ತುಂಬುವ ಪುಸ್ತಕ ಹೇಳುವ ಕನಿಷ್ಠದಿಂದ ಮತ್ತೆ ಆರಂಭಿಸಿ, ಅದರಲ್ಲಿ ಚೌಕಾಸಿ ಬೇಡ. ಕೋವಿಯ ಸಹವಾಸವೇ ಇಲ್ಲದವರು ಮನೆ ಸಾಲಕ್ಕೋ ಮಕ್ಕಳ ಸ್ಕೂಲಿಗೋ ಇದನ್ನೇ ಅನ್ವಯಿಸಿಕೊಳ್ಳಿ. ಪಕ್ಕದೂರು ನೇಪರ್‌ವಿಲ್‌ನ ಗೆಳೆಯನಿಗೆ ಒಗ್ಗಿದ ಕಂತು ನಿಮ್ಮ ಗಂಟಲಲ್ಲಿ ಇಳಿಯಬೇಕೆಂದಿಲ್ಲ.

ದೀಪ ಬೇಕಿದ್ದರೆ ನಮ್ಮ ಮನೆಗೆ ಬನ್ನಿ, ಕೊಡುತ್ತೇನೆ. ಅಳತೆ ಮಾತ್ರ ಕೇಳಬೇಡಿ.